ಹದಿನಾಲ್ಕನೇ ಸಲದ ಮೆಟ್ಟಿಲು

ಆಸ್ಪತ್ರೆಯ ಮೂರನೇ ಮಹಡಿ,
ಹನ್ನೊಂದನೇ ತಾರೀಕು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಪಂಡಿತಾ,

ಚೆನ್ನಾಗಿದ್ದೀಯ ತಾನೇ? ನಿನ್ನ ಬೆನ್ನುನೋವು ಹೇಗಿದೆ? ಇಡೀ ದಿನ ಕಂಪ್ಯೂಟರ್ ಮುಂದೆ ಕೂರಬೇಡ, ಆಗಾಗ ಎದ್ದು ಓಡಾಡು. ಇದು ನನ್ನ ಮಾತಲ್ಲ, ಅಮ್ಮನದು. ಸೊಂಟ ಮುರಿದುಕೊಂಡು ಏಳು ವಾರದಿಂದ ಮಲಗಿರುವವಳಿಗೆ ನಿನ್ನ ಬೆನ್ನಿನದೇ ಚಿಂತೆ. ಅಕ್ಕ ಅನ್ನಿಸಿಕೊಂಡ ನನಗೂ ಇರಬೇಕಿತ್ತು, ಇಲ್ಲ. ಫೋನಿನಲ್ಲಿ ಸಿಕ್ಕರೆ ನೀನು ಬೆಣ್ಣೆಯಂಥ ಮಾತಾಡಿ ನನ್ನನ್ನು ಒಪ್ಪಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕಾಗದವೂ ಅದರ ಜೊತೆಗಿದ್ದ ಒಪ್ಪಿಗೆ ಪತ್ರವೂ ಶುಕ್ರವಾರ ಬಂದವು. ನಾಲ್ಕು ಪುಟದಲ್ಲಿ ಅಮ್ಮನ ಆರೋಗ್ಯಕ್ಕೆ ಒಂದು ಸಾಲು. ಉಳಿದದ್ದೆಲ್ಲ ನೀನು ತೆಗೆದ ಆ ಮೆಟ್ಟಿಲಿನ ವಿಡಿಯೋದ ಮಾತು. ಅದನ್ನು ಬಳಸಲು ಅಮ್ಮ ಒಪ್ಪಿದ್ದಾಳೆ ಅನ್ನುವ ಸಹಿ ಹದಿನೈದರೊಳಗೆ ಕಚೇರಿಗೆ ಮುಟ್ಟದಿದ್ದರೆ ಡಾಕ್ಟರೇಟ್ ಪರೀಕ್ಷೆಗೆ ಕೂರಿಸುವುದಿಲ್ಲ, ಆರು ವರ್ಷದ ದುಡಿಮೆ ಮಣ್ಣುಪಾಲಾಗುತ್ತದೆ ಎಂದು ಗೋಳಾಡಿದ್ದೀಯ.

ನಿನ್ನ ಭಾಷಾಶಾಸ್ತ್ರ ನನಗೆ ತಿಳಿಯದು ಅಂದುಕೊಳ್ಳಬೇಡ. ಔಷಧಿ ಅಂಗಡಿಯಲ್ಲಿ ಡಾಕ್ಟರುಗಳ ಚೀಟಿ ಓದುವವಳಿಗೆ ಇದ್ಯಾವ ಮಹಾ. 'ನಡೆ' ಅನ್ನುವ ಕ್ರಿಯಾಪದಕ್ಕೆ ಇಂಥದ್ದೇ ಕೊನೆ ಅಂತಿಲ್ಲ, 'ತಲುಪು' ಅನ್ನುವುದಕ್ಕೆ ಇದೆ. ಮೆಟ್ಟಿಲು ಹತ್ತುವ ಹೆಂಗಸನ್ನು ಮೇಲೆ ಮುಟ್ಟುವ ಮೊದಲೇ ನಿಲ್ಲಿಸಿ ತೋರಿಸಿದರೆ ಇಂಗ್ಲಿಷಿನವರು ಏನನ್ನುತ್ತಾರೆ, ಸ್ಪ್ಯಾನಿಷಿನವರು ಏನನ್ನುತ್ತಾರೆ. ಹತ್ತುತ್ತಿದ್ದಳು ಎನ್ನುತ್ತಾರೋ, ಹತ್ತಿದಳು ಎನ್ನುತ್ತಾರೋ. ಯಾವ ಭಾಷೆ ಕೆಲಸ ಮುಗಿಯಿತೆಂದು ಯಾವಾಗ ಒಪ್ಪುತ್ತದೆ. ಇಷ್ಟೇ ತಾನೇ? ಇಷ್ಟಕ್ಕೆ ನಿನಗೆ ಎಪ್ಪತ್ತೊಂದು ವರ್ಷದ ಅಮ್ಮನೇ ಬೇಕಾದಳು.

ಏಳು ವಾರದ ಹಿಂದೆ ಆ ಭಾನುವಾರ ನಮ್ಮ ಮನೆಯ ಮೆಟ್ಟಿಲ ಮೇಲ್ತುದಿಯಲ್ಲಿ ನೀನು ಕ್ಯಾಮೆರಾ ಹಿಡಿದು ನಿಂತಿದ್ದೆ, ನಾನು ಕೆಳಗೆ ಬಾಗಿಲು ಹಿಡಿದಿದ್ದೆ. ಕೊನೆಯ ಮೆಟ್ಟಿಲಿಗೆ ಅಮ್ಮನ ಕಾಲು ಏಳುತ್ತಲೇ ನೀನು ನಿಲ್ಲು ಎಂದು ಕೂಗುತ್ತಿದ್ದೆ. ಒಂದು ಸಲ ನೆರಳು ಬಿತ್ತು, ಇನ್ನೊಂದು ಸಲ ಅವಳು ನಿನ್ನ ಮುಖ ನೋಡಿ ನಕ್ಕುಬಿಟ್ಟಳು. ಹತ್ತನೇ ಸಲಕ್ಕೆ "ಕಾಲು ನಡುಗ್ತಿದೆ ಕಣೋ, ನಾಳೆ ಮಾಡೋಣ" ಅಂದಳು. "ಇನ್ನೊಂದೇ ಒಂದು ಸಲ ಅಮ್ಮಾ, ನಾಳೆ ಈ ಬೆಳಕು ಇರಲ್ಲ" ಅಂದೆ ನೀನು. ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಅದು ನನ್ನ ಪಾಲಿನ ಪಾಪ. ಹದಿನಾಲ್ಕನೇ ಸಲ ಒಂದು ಕಾಲು ಗಾಳಿಯಲ್ಲಿರುವಾಗ ನಿನ್ನ ಕೂಗಿಗೆ ನಿಂತಳು, ಉರುಳಿ ನನ್ನ ಕಾಲಬುಡಕ್ಕೆ ಬಂದು ಬಿದ್ದಳು. ನೀನು ಓಡಿ ಬಂದೆ ನಿಜ. ಬರುವ ಮೊದಲು ಕ್ಯಾಮೆರಾದಲ್ಲಿ ಸರಿಯಾಗಿ ಬಂದಿದೆಯೇ ಎಂದು ನೋಡಿದೆ. ಎರಡೇ ದಿನಕ್ಕೆ ಗಂಟುಮೂಟೆ ಕಟ್ಟಿದೆ. ಈಗ ನೀನು ಆರಿಸಿರುವುದೂ ಆ ಹದಿನಾಲ್ಕನೆಯದನ್ನೇ ಎಂದು ಒಪ್ಪಿಗೆ ಪತ್ರದಲ್ಲಿ ಅಚ್ಚಾಗಿದೆ.

ಡಾಕ್ಟರು ಕೇಳಿದಾಗ ಅಮ್ಮ "ಬಚ್ಚಲಲ್ಲಿ ಜಾರಿದೆ" ಅಂದಳು. ನರ್ಸಿಗೂ ಅದನ್ನೇ ಹೇಳಿದಳು. ಪಕ್ಕದ ಮಂಚದ ಅಜ್ಜಿ ನಿನ್ನ ಗುಣಗಾನ ಕೇಳಿ ಕೇಳಿ ಸಾಕಾಗಿ ಈಚೆಗೆ ಕಿವುಡಿಯ ಹಾಗೆ ನಟಿಸುತ್ತಾಳೆ. ಹೋದ ವಾರ ಸೋಂಕು ಶ್ವಾಸಕೋಶಕ್ಕೆ ಇಳಿಯಿತು. ಈ ವಾರ ದಾಟುವುದು ಕಷ್ಟ ಎಂದು ಡಾಕ್ಟರು ನಿನ್ನೆ ಹೇಳಿದರು. ಬಾಗಿಲು ಸದ್ದಾದರೆ ಕಣ್ಣು ಬಿಡುತ್ತಾಳೆ, ಬಂದವಳು ನಾನೆಂದು ಗೊತ್ತಾದ ಕೂಡಲೇ ಮುಚ್ಚುತ್ತಾಳೆ. ಏಳು ವಾರ ಅವಳ ಮೈ ಒರೆಸಿದವಳಿಗೆ ಸಿಕ್ಕಿದ್ದು ಇದು. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಅಮ್ಮನ ಆಶೀರ್ವಾದ ನಿನಗೆ ಕೇಳದೆಯೇ ಸಿಗುತ್ತದೆ. ನನ್ನದನ್ನು ಕಾಯಬೇಡ.

ನಿನ್ನ ಜೊತೆ ಹುಟ್ಟಿದ ತಪ್ಪಿಗೆ,
ಅಕ್ಕ

ವಿ.ಸೂ.: ಕೊರಿಯರ್‌ನವನು ಅವಸರ ಮಾಡುತ್ತಿದ್ದಾನೆ. ಅಮ್ಮ ಸಹಿ ಹಾಕಿದಳು. ಬೆರಳು ಪೆನ್ನು ಹಿಡಿಯುತ್ತಿರಲಿಲ್ಲ, ಮೂರು ಸಲ ಪ್ರಯತ್ನಿಸಿದಳು. "ಅವನ ಪರೀಕ್ಷೆಗೆ ತಾನೇ?" ಅಂದಳು, ಅಷ್ಟೇ. ಆ ಹಾಳೆ ಇದರಲ್ಲಿಲ್ಲ, ಲಕೋಟೆ ಕೊಡವಿ ನೋಡಬೇಡ. ನನ್ನ ಕೈಚೀಲದಲ್ಲಿದೆ. ಇದು ನಾಳೆ ನಿನ್ನ ಕೈಸೇರುತ್ತದೆ. ನಾಳೆಯೇ ಹೊರಟರೆ ಹದಿನೈದರೊಳಗೆ ಬಂದು ಹಿಂದಿರುಗಬಹುದು. ಅಮ್ಮ ಉಸಿರಾಡುತ್ತಿರುವಾಗ ಬಂದರೆ ಕೊಡುತ್ತೇನೆ, ಆಮೇಲೆ ಬಂದರೆ ನಿನ್ನ ಕಣ್ಣೆದುರೇ ಹರಿದುಹಾಕುತ್ತೇನೆ. ಬರೀ ಬಾ ಎಂದಿದ್ದರೆ ನೀನು ಬರುವವನಲ್ಲ. ಹಾಳೆಗಾಗಿ ಬರುತ್ತೀಯ, ಅದು ನನಗೆ ಗೊತ್ತು. ಅಮ್ಮನಿಗೆ ಮಾತ್ರ ಅವಳನ್ನು ನೋಡುವುದಕ್ಕೇ ಬಂದೆ ಎಂದು ಹೇಳು. ನಂಬುತ್ತಾಳೆ.