ನಾನು ಅಂದ ‘ಊಂ’ ಒಪ್ಪಿಗೆಯಲ್ಲ

ಮಾನ್ಯ ಪ್ರಾಂಶುಪಾಲರೇ,

ಈ ಪತ್ರದ ಮೊದಲ ಕರಡಿನಲ್ಲಿ ಒಂದು ವಿಷಯವನ್ನು ಬಿಟ್ಟಿದ್ದೆ. ಅದಿಲ್ಲದ ಪತ್ರದಲ್ಲಿ ನಾನು ಬಹಳ ಒಳ್ಳೆಯವಳಾಗಿ ಕಾಣುತ್ತಿದ್ದೆ. ಈಗ ಅದನ್ನೇ ಮೊದಲು ಬರೆಯುತ್ತೇನೆ. ಮಾರ್ಚ್ ಕೊನೆಯ ವಾರ, ನನ್ನ ವಿದ್ಯಾರ್ಥಿನಿ ಅರ್ಚನಾಳ ಪ್ರಾಜೆಕ್ಟನ್ನು ಪರೀಕ್ಷಕರಿಗೆ ಕಳಿಸುವುದು ಬೇಡ ಎಂದು ನಿಮ್ಮ ಕೋಣೆಯಲ್ಲಿ ನೀವು ಹೇಳಿದಾಗ ನಾನು ‘ಊಂ’ ಎಂದೆ. ಎರಡು ಸಲ ಎಂದೆ. ಎರಡು ದಿನ ಕಳೆದು ಬಂದ ನಿಮ್ಮ ಇಂಗ್ಲಿಷ್ ಟಿಪ್ಪಣಿಯಲ್ಲಿ ‘ವಿಷಯದ ಅಧ್ಯಾಪಕಿ ಒಪ್ಪಿದ್ದಾರೆ’ ಎಂದಿತ್ತು. ಅಂಕಪಟ್ಟಿಯಲ್ಲಿ ಅರ್ಚನಾಳ ಹೆಸರಿನ ಎದುರು ‘ಸಲ್ಲಿಸಿಲ್ಲ’ ಎಂದಿದೆ. ಆ ಪಟ್ಟಿ ಏಪ್ರಿಲ್ 28ಕ್ಕೆ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಹಾಗೆಯೇ ಹೋದರೆ ಅವಳಿಗೆ ಈ ವರ್ಷ ಪದವಿಯಿಲ್ಲ. ತೊಂಬತ್ತು ಪುಟ ಬರೆದು, ಬೈಂಡ್ ಮಾಡಿಸಿ, ನನ್ನ ಕೈಗೆ ಕೊಟ್ಟ ಹುಡುಗಿ ಏನನ್ನೂ ಸಲ್ಲಿಸಿಲ್ಲವಂತೆ.

ನಾನು ನಮ್ಮ ಕಾಲೇಜಿನಲ್ಲಿ ಕಲಿಸುವುದು ರಾಜಕೀಯ ಸಂವಹನ ಮತ್ತು ಸಾರ್ವಜನಿಕ ರಾಜತಾಂತ್ರಿಕತೆ. ಅಂದರೆ ಅಧಿಕಾರದಲ್ಲಿರುವವರು ಜನರೊಡನೆ, ಒಂದು ದೇಶ ಇನ್ನೊಂದು ದೇಶದ ಜನರೊಡನೆ ಹೇಗೆ ಮಾತಾಡಬೇಕು ಎಂಬ ವಿದ್ಯೆ. ಜನವರಿಯ ವಿಚಾರ ಸಂಕಿರಣವನ್ನು ಉದ್ಘಾಟಿಸುತ್ತಾ, ಈ ವಿದ್ಯೆಯ ಮೊದಲ ಹೆಜ್ಜೆ ಕೇಳಿಸಿಕೊಳ್ಳುವುದು ಎಂದು ನೀವು ನಲವತ್ತು ನಿಮಿಷ ಮಾತಾಡಿದಿರಿ. ಆ ಬ್ಯಾನರ್ ಇನ್ನೂ ನಿಮ್ಮ ಕೋಣೆಯ ಹೊರಗೆ ತೂಗುತ್ತಿದೆ. ಅರ್ಚನಾ ನಿಮ್ಮ ಭಾಷಣವನ್ನು ನಂಬಿಬಿಟ್ಟಳು. ಅವಳ ತಪ್ಪು ಅಷ್ಟೇ.

ತೊಪ್ಪೂರು ಘಾಟಿನ ಕೆಳಗಿರುವ, ಮನೆಮನೆಯಲ್ಲೂ ಕನ್ನಡ ಆಡುವ ಅವಳ ಊರಿನಲ್ಲಿ, ದನ ಮೇಯುವ ನೆಲವನ್ನು ಲಾರಿ ನಿಲ್ದಾಣಕ್ಕೆ ಕೊಡುವ ಬಗ್ಗೆ ಒಂದು ಅಹವಾಲು ಸಭೆ ನಡೆಯಿತು. ನಿನ್ನ ಊರಿನಲ್ಲೇ ಒಂದು ಸಾರ್ವಜನಿಕ ಸಂವಹನವನ್ನು ನೋಡಿ ಬರೆ ಎಂದು ಅವಳನ್ನು ಅಲ್ಲಿಗೆ ಕಳಿಸಿದವಳು ನಾನೇ. ಅಧಿಕಾರಿಯೊಬ್ಬರು ತಮಿಳಿನಲ್ಲಿ ಹನ್ನೊಂದು ಪುಟ ಓದಿದರು. ಕೂತವರು ನಡುನಡುವೆ ‘ಊಂ, ಊಂ’ ಎಂದರು. ಯಾರೂ ಬೇರೆ ಮಾತಾಡಲಿಲ್ಲ, ಮಾತಾಡಿ ಎಂದು ಯಾರಿಗೂ ಹೇಳಲೂ ಇಲ್ಲ. ಗ್ರಾಮಸ್ಥರು ಒಪ್ಪಿದರು ಎಂದು ದಾಖಲಾಯಿತು. ಅರ್ಚನಾ ಫೋನಿನಲ್ಲಿ ಎಲ್ಲವನ್ನೂ ಧ್ವನಿಮುದ್ರಿಸಿಕೊಂಡು, ಆಮೇಲೆ ಊಂ ಅಂದವರ ಮನೆಮನೆಗೆ ಹೋಗಿ ಯಾಕೆ ಅಂದಿರಿ ಎಂದು ಕೇಳಿದಳು. ಮೊದಲು ಕೇಳಿದ್ದು ತನ್ನ ಅಜ್ಜಿ ಸಿದ್ದಲಕ್ಷ್ಮಮ್ಮನನ್ನು. ಪ್ರಾಜೆಕ್ಟಿನ ಐದನೇ ಅಧ್ಯಾಯದಲ್ಲಿ ಆ ಮಾತುಕತೆ ಹೀಗಿದೆ:

“ಅಯ್ಯೋ ಕೂಸೇ, ಆ ಸಾರು ಬಿಸ್ಲಲ್ಲಿ ನಿಂತ್ಕಂಡು ಒಬ್ರೇ ಓದ್ತಾ ಅವ್ರೆ, ಪಾವಂ, ಪಾಪ. ಯಾರೂ ಊಂ ಅನ್ನದಿದ್ರೆ ಗೋಡೆಗೆ ಏಳ್ದಂಗೆ ಆಗಕಿಲ್ವಾ? ನಂಗೂ ಕಿವಿ ಐತೆ ಅಂತ ಊಂ ಅಂದೆ.”

“ನೀನು ಒಪ್ಕಂಡೆ ಅಂತ ಬರ್ಕಂಡವ್ರೆ, ಅಜ್ಜಿ.”

“ನೆಲ ಕೇಳಕ್ಕೆ ಬಂದೋರು ಬಾಯಿ ನೋಡ್ಬೇಕು, ಊಂ ಅನ್ನೋ ಮೂಗು ನೋಡ್ತಾರಾ? ನಿಮ್ಮ ತಾತ ಮೂವತ್ತು ವರ್ಸ ಕುಡ್ಕಂಡು ಬಂದು ಕತೆ ಏಳ್ದಾಗ್ಲೂ ಊಂ ಅಂತಿದ್ದೆ. ನಾನು ಒಂದ್ನಾದ್ರೂ ನಂಬಿದ್ನಾ?”

ಇದಕ್ಕಿಂತ ಚೆನ್ನಾಗಿ ಈ ಪಾಠವನ್ನು ನಾನು ಹದಿನೇಳು ವರ್ಷದಲ್ಲಿ ಒಮ್ಮೆಯೂ ಮಾಡಿಲ್ಲ. ಭಾಷೆ ತಿಳಿಯದೆ ತಪ್ಪಾಯಿತು ಎಂಬ ನೆಪವೂ ಇಲ್ಲಿ ನಿಲ್ಲುವುದಿಲ್ಲ. ಕತೆ ಕೇಳುವಾಗ ಊಂ ಅನ್ನುವುದು ತಮಿಳಿನಲ್ಲೂ ಇದೆ. ಆ ಅಧಿಕಾರಿಯೂ ತಮ್ಮ ಅಜ್ಜಿಯ ಕತೆಗೆ ಊಂ ಎಂದೇ ಬೆಳೆದಿರುತ್ತಾರೆ.

ಸಭೆಯ ದಾಖಲೆಯ ಪ್ರತಿ ಬೇಕೆಂದು ಅರ್ಚನಾ ಆ ಅಧಿಕಾರಿಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟಳು. ಪ್ರತಿ ಸಿಗಲಿಲ್ಲ. ನಿಮಗೆ ಫೋನ್ ಬಂತು, ನೀವು ನನ್ನನ್ನು ಕರೆಸಿದಿರಿ.

“ನೋಡಿ ಭಾರ್ಗವಿ, ಹುಡುಗಿ ಬುದ್ಧಿವಂತೆ, ಯಾರು ಇಲ್ಲ ಅಂದ್ರು? ಆದ್ರೆ ಆ ಆಫೀಸಿಂದ ಎರಡು ಸಲ ಫೋನ್ ಬಂತು. ಸುಮ್ನೆ ಯಾಕೆ ಟೆನ್ಷನ್? ಮುಂದಿನ ವರ್ಷ ಟೂರಿಸಂ ಪೋಸ್ಟರ್ ಬಗ್ಗೆ ಏನಾದ್ರೂ ಮಾಡ್ಲಿ, ನಾವೇ ಪ್ರೈಜ್ ಕೊಡೋಣ” ಎಂದಿರಿ. ಕಾಫಿ ತರಿಸಿದಿರಿ. ಇದನ್ನೆಲ್ಲ ಹೇಳಿದ್ದು ಕನ್ನಡದಲ್ಲಿ, ಏಕೆಂದರೆ ಸೇಲಂನ ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಆಡುವುದು ಅದೇ. ಆದ್ದರಿಂದಲೇ ಈ ಪತ್ರವೂ ಕನ್ನಡದಲ್ಲಿದೆ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಕನ್ನಡದ ಅಕ್ಷರ ಕಲಿಸಿದ್ದು ನನ್ನ ಅಮ್ಮ ಅಂಬಾಬಾಯಿ, ಬೇಸಿಗೆ ರಜೆಗಳಲ್ಲಿ. ಈ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವುದು ನನಗೆ ಸುಲಭವಿತ್ತು. ಆದರೆ ನಿಮ್ಮ ಟಿಪ್ಪಣಿಯ ಇಂಗ್ಲಿಷಿನಲ್ಲಿ ‘ಊಂ’ಗೆ ಜಾಗವಿರಲಿಲ್ಲ, ಅಲ್ಲಿ ಅದು ‘ಒಪ್ಪಿದ್ದಾರೆ’ ಆಗಿಹೋಯಿತು. ಅದು ಏನೆಂದು ನಿಮಗೆ ನಿಜವಾಗಿ ಗೊತ್ತಿರಲಿಲ್ಲವೇ, ಮಾನ್ಯರೇ? ನಿಮ್ಮ ಮನೆಯವರು ಊಂ ಎಂದಾಗಲೆಲ್ಲ ಒಪ್ಪಿದರು ಎಂದು ಬರೆದುಕೊಳ್ಳುತ್ತೀರಾ?

ನಿಮ್ಮನ್ನು ಇಷ್ಟು ಕೇಳಿದ ಮೇಲೆ ನನ್ನನ್ನೂ ಕೇಳಿಕೊಳ್ಳಬೇಕು. ಸೂಚನಾ ಫಲಕದಲ್ಲಿ ಅಂಕಪಟ್ಟಿ ನೋಡಿದ ದಿನ ಅರ್ಚನಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಕಳಿಸಿಬಿಡುತ್ತಿದ್ದೆನೋ ಏನೋ.

“ಮಿಸ್, ನೀವು ಒಪ್ಕಂಡ್ರಂತೆ?”

“ಊಂ ಅಂದೆ ಕಣಮ್ಮ.”

“ನಮ್ಮಜ್ಜಿ ಅಂದ ಊಂ-ಆ ಮಿಸ್, ಆಫೀಸ್ನೋರು ಬರ್ಕಂಡ ಊಂ-ಆ?”

ಆ ಪ್ರಶ್ನೆಯನ್ನೇ ಮೂರು ವಾರ ಯೋಚಿಸಿದ್ದೇನೆ. ಸಿದ್ದಲಕ್ಷ್ಮಮ್ಮ ಅಂದದ್ದು ಮರ್ಯಾದೆಗೆ. ನಾನು ಅಂದದ್ದು ಹೆದರಿ. ಮುಂದಿನ ವರ್ಷದ ನನ್ನ ಬಡ್ತಿಯ ಕಡತ ನಿಮ್ಮ ಮೇಜಿನ ಮೇಲಿತ್ತು, ಅದು ನನಗೆ ಕಾಣುತ್ತಿತ್ತು. ಬೇಡ ಎಂದರೆ ಜಗಳವಾಗುತ್ತದೆ, ಸರಿ ಎಂದರೆ ಪಾಪವಾಗುತ್ತದೆ, ಊಂ ಎಂದರೆ ಆಮೇಲೆ ಯಾವ ಕಡೆಗೆ ಬೇಕಾದರೂ ತಿರುಗಿಸಿಕೊಳ್ಳಬಹುದು ಎಂದುಕೊಂಡೆ. ನನಗಿಂತ ಮೊದಲು ನೀವು ತಿರುಗಿಸಿದಿರಿ. ನನ್ನ ಹೆದರಿಕೆಯನ್ನು ನೀವು ಸರಿಯಾಗಿಯೇ ಓದಿದಿರಿ, ಅದಕ್ಕೆ ಕೊಟ್ಟ ಹೆಸರು ಮಾತ್ರ ಸುಳ್ಳು. ಅದಕ್ಕೆ ಅರ್ಚನಾ ತನ್ನ ಒಂದು ವರ್ಷವನ್ನು ಯಾಕೆ ಕೊಡಬೇಕು?

ಈಗ ನನ್ನ ಬೇಡಿಕೆ. ‘ಸಲ್ಲಿಸಿಲ್ಲ’ ಎಂಬುದನ್ನು ಹೊಡೆದು ಹಾಕಿ, ಪ್ರಾಜೆಕ್ಟನ್ನು ಐದನೇ ಅಧ್ಯಾಯ ಸಮೇತ ಪರೀಕ್ಷಕರಿಗೆ ಕಳಿಸಿ. ಅವಳು ಬರೆದದ್ದು ಕಳಪೆಯಾಗಿದ್ದರೆ ಅವರು ಅಂಕ ಕೊಡದಿರಲಿ, ಆದರೆ ಓದಿದ ಮೇಲೆ ಕೊಡದಿರಲಿ. ಟಿಪ್ಪಣಿಯಲ್ಲಿ ನನ್ನ ಹೆಸರಿರುವ ಸಾಲನ್ನು ತಿದ್ದಿ. ನನ್ನನ್ನು ಮತ್ತೆ ಕರೆದು, ಅದೇ ಕುರ್ಚಿಯಲ್ಲಿ ಕೂರಿಸಿ, ಅದೇ ಪ್ರಶ್ನೆ ಕೇಳಿ. ಈ ಸಲ ಬಾಯಿ ತೆರೆದು ‘ಇಲ್ಲ, ಒಪ್ಪುವುದಿಲ್ಲ’ ಎನ್ನುತ್ತೇನೆ. ಅದನ್ನು ಯಾವ ಭಾಷೆಯಲ್ಲಿ ಬೇಕಾದರೂ ಬರೆದುಕೊಳ್ಳಿ.

ಈ ಪತ್ರವನ್ನು ಮೊದಲು ಅರ್ಚನಾಳಿಗೆ ಓದಿ ಹೇಳಿದೆ. ಕೊನೆಯವರೆಗೂ ಅವಳು ಒಮ್ಮೆಯೂ ಊಂ ಅನ್ನಲಿಲ್ಲ. ಮುಗಿದ ಮೇಲೆ, “ಯಾವತ್ತು ಪೋಸ್ಟ್ ಮಾಡ್ತೀರಿ ಮಿಸ್?” ಎಂದಳು. ಅವಳಿಗೆ ದಿನಾಂಕ ಹೇಳಿದ್ದೇನೆ. ನಿಮಗೂ ಹೇಳುತ್ತಿದ್ದೇನೆ: ಪಟ್ಟಿ ಹೋಗುವುದಕ್ಕೆ ಒಂದು ವಾರ ಮುಂಚೆ, ಒಂದು ಪ್ರತಿ ನಿಮಗೆ, ಒಂದು ಪತ್ರಿಕೆಗೆ.

ಇಂತಿ,
ಇವತ್ತಿನ ಮಟ್ಟಿಗಾದರೂ ನಿಮ್ಮ ಕಾಲೇಜಿನ ಅಧ್ಯಾಪಕಿ,
ತಡವಾಗಿ ಬಾಯಿ ಬಿಟ್ಟ
ಭಾರ್ಗವಿ

ಅಂಚೆಗೆ ಹಾಕುವ ದಿನ: ಏಪ್ರಿಲ್ 21, ಸೋಮವಾರ.