ಸಿಮ್ಮು ಹೊರಗೇ ಇರಲಿ

ಸೋಮನಹಳ್ಳಿ, ಶನಿವಾರ

ಮಾಲೀಕರಾದ ಪುಟ್ಟರಾಜಣ್ಣನವರಿಗೆ,

ಫೋನಿನಿಂದ ಪಂಪು ನಡೆಸುವ ನಮ್ಮ ಸ್ಟಾರ್ಟರಿನ ಚಿಪ್ಪಿನಲ್ಲಿ ಸಿಮ್ ಭಾಗವನ್ನು ನಾನು ‘ನಾನ್-ಸೆಕ್ಯೂರ್’ ಎಂದು ಇಟ್ಟಿದ್ದಕ್ಕೆ ನಿನ್ನೆ ಎಲ್ಲರೆದುರು ರೇಗಿದಿರಿ. “ನಮ್ ಮಾಲು ಬದ್ರ ಇಲ್ಲ ಅಂತ ನಾವೇ ಬರ್ಕೊಡದಾ? ಎಲ್ಲಾನೂವೆ ಸೆಕ್ಯೂರ್ ಮಾಡ್ಬುಡು ಕಣಮ್ಮ,” ಎಂದಿರಿ.

ಮಾಡುವುದಿಲ್ಲ.

ಆ ಪದಕ್ಕೆ ಕಳಪೆ ಎಂಬ ಅರ್ಥವಿಲ್ಲ. ಚಿಪ್ಪಿನಲ್ಲಿ ಒಳಪಾಲು, ಹೊರಪಾಲು ಎಂದು ಎರಡಿವೆ. ಸಿಮ್ಮಿಗೆ ಯಾರ ಮೆಸೇಜು ಬೇಕಾದರೂ ಬರಬಹುದು, ಆದ್ದರಿಂದ ಅದು ಹೊರಗೆ. ಮೋಟರನ್ನು ಚಾಲೂ ಮಾಡುವ ರಿಲೇ ಮತ್ತು ದುರಸ್ತಿಯ ವೇಳೆ ಅದು ಓಡದಂತೆ ತಡೆಯುವ ‘ರಿಪೇರಿ’ ಸ್ವಿಚ್ಚು ಒಳಗೆ. ಹೊರಗಿನದು ಕೇಳಬಹುದು, ತೀರ್ಮಾನ ಒಳಗಿನದು. ಸಿಮ್ಮನ್ನೂ ಒಳಕ್ಕೆ ಬಿಟ್ಟರೆ, ಯಾವನೋ ಕಳಿಸಿದ ಕೆಟ್ಟ ಮೆಸೇಜು ರಿಪೇರಿ ಸ್ವಿಚ್ಚನ್ನು ಮೀರಿ ಮೋಟರ್ ಓಡಿಸಬಹುದು.

ಹಲಗೂರಿನಲ್ಲಿ ನಮ್ಮ ಫಿಟ್ಟರ್ ಮಹದೇವಣ್ಣ ಆ ಸ್ವಿಚ್ಚನ್ನೇ ನಂಬಿ ಪಂಪಿನೊಳಗೆ ಕೈ ಹಾಕುತ್ತಾರೆ. ವಿಷಯ ತಿಳಿಸಿದಾಗ, “ಡಬ್ಬದ ಮ್ಯಾಲೆ ಏನಾರ ಬರ್ಕಳಿ, ನನ್ ಕೈ ಬೆಳ್ಳು ಉಳ್ಸವ್ವ,” ಎಂದರು.

ಗಿರಾಕಿ ಹೆದರುತ್ತಾನೆ ಎನಿಸಿದರೆ ಕರಪತ್ರದಲ್ಲಿ ‘ಹೊರಪಾಲು’ ಎಂದು ಅಚ್ಚು ಹಾಕಿಸಿ. ನನ್ನನ್ನು ತೆಗೆದು ಬೇರೆಯವರಿಂದ ಸಿಮ್ಮನ್ನು ಒಳಪಾಲಿಗೆ ಹಾಕಿಸುವುದಾದರೆ, ಮೊದಲ ಸ್ಟಾರ್ಟರನ್ನು ನಿಮ್ಮ ಗದ್ದೆಯ ಪಂಪಿಗೆ ಹಾಕಿಸಿ, ಒಳಗೆ ನೀವೇ ಕೈ ಇಡಿ.

ಇಂತಿ, ಸೋಮವಾರವೂ ಕೆಲಸಕ್ಕೆ ಬರುವ
ರಂಜಿತ