ಗಾಳಿ ಹೊತ್ತು ತಂದ ಮಣ್ಣು

ಪಾಂಪೋರ್, ಕಾಶ್ಮೀರ
೧೨ ಜೂನ್ ೧೯೫೫

ಅವ್ವಾ,

ನಿನ್ನ ಪಾದಕ್ಕೂ, ಈ ಪತ್ರ ಓದಿ ಹೇಳುತ್ತಿರುವ ರಾಚಪ್ಪಣ್ಣನಿಗೂ ಇಷ್ಟು ದೂರದಿಂದಲೇ ಶರಣು.

ಕಾಲೇಜಿನವರೊಂದಿಗೆ ಇಲ್ಲಿಗೆ ಹೊರಡುವ ಮುಂಚೆ ಮುಧೋಳಕ್ಕೆ ಬಂದಿದ್ದಾಗ ನೀನು ಕೇಳಿದ್ದೆ: “ಧೂಳ ನೋಡಾಕ ಅಷ್ಟ ದೂರ ಹೋಗಬೇಕೇನ ಬೇ? ನಮ್ಮ ಓಣ್ಯಾಗ ಇಲ್ಲೇನ?” ಆಗ ನಕ್ಕುಬಿಟ್ಟಿದ್ದೆ. ಈಗ ಹೇಳುತ್ತೇನೆ.

ಇಲ್ಲಿ ತೊರೆ ಕಡಿದ ಒಂದು ದಂಡೆ ಇದೆ. ನಮ್ಮೂರ ಅಗಸಿ ಬಾಗಿಲಿಗಿಂತ ಎತ್ತರ, ಗೋಡೆಯಂತೆ ನೆಟ್ಟಗೆ. ಅಷ್ಟೂ ಗಾಳಿ ತಂದು ಹಾಕಿದ ಧೂಳು! ಬೆರಳಿಂದ ಉಜ್ಜಿದರೆ ಜೋಳದ ಹಿಟ್ಟಿನಷ್ಟು ನುಣುಪು. ಬಹಳ ಹಿಂದೆ, ಲೋಕವೆಲ್ಲ ತಣ್ಣಗಾಗಿದ್ದ ಕಾಲದಲ್ಲಿ, ಬೆಟ್ಟದ ಮೇಲಿನ ಮಂಜುಗಡ್ಡೆ ಮೆಲ್ಲಗೆ ಸರಿಯುತ್ತ ಬಂಡೆಗಳನ್ನು ಬೀಸಿ ಹಿಟ್ಟು ಮಾಡಿತಂತೆ. ಅದನ್ನು ಹೊಳೆಗಳು ಬಯಲಿಗೆ ತಂದವು. ಒಣಗಿದ ಮೇಲೆ ಗಾಳಿ ಎತ್ತಿ ಇಲ್ಲಿ ಸುರಿಯಿತು. ಈ ಹಳದಿ ಮಣ್ಣಿನ ನಡುವೆ ಒಂದು ಕಂದು ಪಟ್ಟಿ ಇದೆ. ಅದು ಚಳಿ ಇಳಿದ ಕಾಲದ್ದು. ಧೂಳು ಬೀಳುವುದು ಕಡಿಮೆಯಾಗಿ, ಹುಲ್ಲು ಗಿಡ ಬೆಳೆದು ಕೊಳೆತು, ಮಣ್ಣಿಗೆ ಬಣ್ಣ ಬಂತು. ಅದರ ಮೇಲೆ ಪುನಃ ಹಳದಿ. ಮತ್ತೆ ಚಳಿ!

ಆ ಪಟ್ಟಿಯ ಅಂಚಿನಲ್ಲಿ ನನಗೊಂದು ಬಸವನಹುಳುವಿನ ಚಿಪ್ಪು ಸಿಕ್ಕಿತು, ಸಾಸಿವೆಗಿಂತ ತುಸು ದೊಡ್ಡದು. ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟೆ. ಊರುಗಳೇ ಇಲ್ಲದಾಗ, ಯಾವುದೋ ಬೇಸಿಗೆಯಲ್ಲಿ, ಇದು ಹುಲ್ಲಿನ ಎಳೆ ಹತ್ತುತ್ತಿತ್ತು ಅವ್ವಾ. ಯಾಕೋ ಕಣ್ಣು ತುಂಬಿ ಬಂತು. ಗುಡಿಯಲ್ಲಿ ನಿಂತಾಗಲೂ ನನಗೆ ಹಾಗೆ ಆಗಿರಲಿಲ್ಲ.

ಮೊನ್ನೆ ದಂಡೆಯ ಅಂಚು ತುಸು ಕುಸಿಯಿತು. ನನ್ನ ಜೊತೆ ಓದುವ ಬನಹಟ್ಟಿಯ ತುಕಾರಾಮ “ಗುರುಬಸವ್ವಾರ, ಹಿಂದಕ್ಕ ಸರೀರಿ!” ಎಂದು ಕೂಗಿದ. ತಲೆತುಂಬ ಧೂಳಾಯಿತು, ಕಾಲು ಉಳುಕಿತು, ಅಷ್ಟೇ. ಊಟಕ್ಕೇನೂ ತೊಂದರೆಯಿಲ್ಲ.

ಮಹಾಲಿಂಗಪುರದವರು ನನ್ನನ್ನು ನೋಡಲು ಬರುವ ವಿಷಯ ತಿಳಿಯಿತು. ಯೋಚಿಸಿ ತಿಳಿಸುತ್ತೇನೆ.

ನಿನ್ನ ಮಗಳು,
ಗುರುಬಸವ್ವ

ತಾ.ಕ.: ಅಣ್ಣಾ, ಇಷ್ಟನ್ನು ಮನಸ್ಸಿನಲ್ಲೇ ಓದಿಕೋ. ಅಂದು ಬಿದ್ದದ್ದು ಬರೀ ಅಂಚಲ್ಲ, ದಂಡೆಯ ದೊಡ್ಡ ಭಾಗವೇ. ಕುತ್ತಿಗೆಯವರೆಗೆ ಹೂತುಹೋಗಿದ್ದೆ. ತುಕಾರಾಮ ಮತ್ತು ಉಳಿದವರು ಬರಿಗೈಯಿಂದ ಕೆದರಿ ತೆಗೆದರು. ಕಾಲಿನ ಎಲುಬು ಮುರಿದಿದೆ. ಎದೆ ಬಿಗಿದು ಉಸಿರು ಸಿಕ್ಕಿಕೊಂಡಾಗ ತಲೆ ಎತ್ತಿದೆ. ಹೊಸದಾಗಿ ಬಿರಿದ ಗೋಡೆಯಲ್ಲಿ, ಅದುವರೆಗೆ ಯಾರ ಕಣ್ಣಿಗೂ ಬೀಳದ ಇನ್ನೊಂದು ಕಂದು ಪಟ್ಟಿ! ಲೋಕ ಇನ್ನೊಮ್ಮೆಯೂ ಬೆಚ್ಚಗಾಗಿತ್ತು ಅಣ್ಣಾ. ಅಷ್ಟು ಹೊತ್ತು ಸಾಯುವ ಹೆದರಿಕೆಯೇ ಮರೆತುಹೋಯಿತು. ಕಾಲು ಕೂಡಿದ ಮೇಲೆ ಆ ಪಟ್ಟಿಯ ಅಧ್ಯಯನ ಮಾಡುವವಳು ನಾನೇ; ಗುರುಗಳು ಒಪ್ಪಿದ್ದಾರೆ. ಮಹಾಲಿಂಗಪುರದವರಿಗೆ ಬರುವುದು ಬೇಡವೆಂದು ನೀನೇ ಹೇಳಿಬಿಡು.